ಸಾಫ್ಟನರ್ ಕೆಟ್ಟಿದೆ ಎಂದಾಗ ನಾನು ಮೊದಲು ನೋಡುವುದು ಉಪ್ಪನ್ನು

ಬೆಂಗಳೂರಿನ ಪೂರ್ವ ಭಾಗದಲ್ಲಿ, ವೈಟ್‌ಫೀಲ್ಡ್, ವರ್ತೂರು ಮತ್ತು ಸರ್ಜಾಪುರ ರಸ್ತೆಯ ಆಸುಪಾಸಿನ ಮನೆಗಳಲ್ಲಿ, ಗಡಸು ನೀರನ್ನು ಮೆತ್ತಗೆ ಮಾಡುವ ಸಾಫ್ಟನರ್ ಯಂತ್ರಗಳನ್ನು ದುರಸ್ತಿ ಮಾಡುವುದು ನನ್ನ ಕೆಲಸ. ಬರುವ ದೂರುಗಳಲ್ಲಿ ಹೊಸತೇನೂ ಇರುವುದಿಲ್ಲ: ಸೋಪು ನೊರೆ ಕಟ್ಟುತ್ತಿಲ್ಲ, ನಲ್ಲಿಗಳ ಮೇಲೆ ಬಿಳಿ ಕಲೆ ಮತ್ತೆ ಕಾಣಿಸಿಕೊಂಡಿದೆ, ಗೀಸರ್‌ನ ಕಾಯಿಲ್ ಸುಟ್ಟುಹೋಗಿದೆ. ಇವುಗಳ ಹಿಂದೆಯೇ ಒಂದು ಪ್ರಶ್ನೆಯೂ ಬರುತ್ತದೆ: "ರೆಸಿನ್ ಬದಲಾಯಿಸಬೇಕಂತೆ, ಹೌದಾ?" ಯಂತ್ರ ಕೈಕೊಟ್ಟಾಗ, ನೀರನ್ನು ಮೆತ್ತಗೆ ಮಾಡುವ ಮಣಿಗಳಾದ ರೆಸಿನ್‌ನ ಮೇಲೆ ತಪ್ಪು ಹೊರಿಸುವುದು ನಮ್ಮ ವೃತ್ತಿಯಲ್ಲಿ ಬಹಳ ಸುಲಭ. ಅದು ಮುಚ್ಚಿದ ಟ್ಯಾಂಕಿನೊಳಗೆ ಇರುವುದರಿಂದ ಮನೆಯವರಿಗೆ ಕಾಣುವುದಿಲ್ಲ, ಬದಲಾಯಿಸಿದರೆ ಒಳ್ಳೆಯ ಬಿಲ್ಲೂ ಆಗುತ್ತದೆ. ಆದರೆ ನಾನು ತೆರೆದು ನೋಡಿರುವ ಯಂತ್ರಗಳಲ್ಲಿ ಹೆಚ್ಚಿನವುಗಳ ರೆಸಿನ್ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಸಿಗಬೇಕಾದ ಉಪ್ಪು ಮಾತ್ರ ಸಿಕ್ಕಿರುವುದಿಲ್ಲ.

ಸಾಫ್ಟನರ್ ಏನು ಮಾಡುತ್ತದೆ ಎಂಬುದು ಮನೆಯವರಿಗೆ ತಿಳಿದಿದ್ದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ನೀರಿನ ಗಡಸುತನಕ್ಕೆ ಕಾರಣ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ಸಾಸಿವೆಗಿಂತ ಚಿಕ್ಕದಾದ ರೆಸಿನ್ ಮಣಿಗಳು ಅವುಗಳನ್ನು ಹಿಡಿದಿಟ್ಟುಕೊಂಡು ತಮ್ಮಲ್ಲಿರುವ ಸೋಡಿಯಂ ಅನ್ನು ನೀರಿಗೆ ಬಿಡುತ್ತವೆ. ಸೋಡಿಯಂ ಮುಗಿದ ಮೇಲೆ ಮಣಿಗಳ ಮೂಲಕ ಸುಮಾರು ಶೇಕಡಾ 10ರ ಉಪ್ಪುನೀರನ್ನು ನಿಧಾನವಾಗಿ ಹಾಯಿಸಿದರೆ, ಹಿಡಿದಿಟ್ಟದ್ದನ್ನೆಲ್ಲ ಚರಂಡಿಗೆ ಬಿಟ್ಟು ಮತ್ತೆ ಸೋಡಿಯಂ ತುಂಬಿಕೊಳ್ಳುತ್ತವೆ. ಇದಕ್ಕೆ ನಾವು ರಿಜನರೇಷನ್ ಎನ್ನುತ್ತೇವೆ. ಇಲ್ಲಿ ನಡೆಯುವುದು ವಿನಿಮಯವೇ ಹೊರತು ಲವಣಗಳನ್ನು ತೆಗೆದುಹಾಕುವ ಕೆಲಸವಲ್ಲವಾದ್ದರಿಂದ, ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣಗಳ ಪ್ರಮಾಣ) ಅಳೆಯುವ ಮೀಟರ್ ಅದ್ದಿ "ಮೊದಲೂ 900, ಈಗಲೂ 900, ನಿಮ್ಮ ಮೆಷಿನ್ ಏನೂ ಮಾಡುತ್ತಿಲ್ಲ" ಎಂದು ವಾದಿಸುವುದರಲ್ಲಿ ಅರ್ಥವಿಲ್ಲ. ಸರಿಯಾಗಿ ಕೆಲಸ ಮಾಡುವ ಸಾಫ್ಟನರ್‌ನ ಹಿಂದೆ ಮುಂದೆ ಟಿಡಿಎಸ್ ಹೆಚ್ಚುಕಡಿಮೆ ಒಂದೇ ಇರುತ್ತದೆ.

ಅಳೆಯಬೇಕಾದದ್ದು ಗಡಸುತನವನ್ನು, ಅದೂ ಎರಡು ಕಡೆ: ಯಂತ್ರಕ್ಕೆ ಹೋಗುವ ನೀರಿನಲ್ಲಿ ಮತ್ತು ಯಂತ್ರದಿಂದ ಹೊರಬರುವ ನೀರಿನಲ್ಲಿ. ಬಚ್ಚಲಿನ ನಲ್ಲಿಯಿಂದ ನೀರು ಹಿಡಿಯುವ ಹಾಗಿಲ್ಲ, ಏಕೆಂದರೆ ಪೈಪಿನಲ್ಲಿ ನಿಂತ ಹಳೆಯ ನೀರು, ಅರೆ ತೆರೆದ ಬೈಪಾಸ್ ವಾಲ್ವ್‌ನಿಂದ ನುಸುಳುವ ಗಡಸು ನೀರು ಎಲ್ಲವೂ ಅಲ್ಲಿ ಬೆರೆತಿರುತ್ತವೆ. ಗಡಸುತನ ಪರೀಕ್ಷಿಸುವ ಕಿಟ್‌ನ ಸಣ್ಣ ಸೀಸೆಯಲ್ಲಿ ನೀರು ತೆಗೆದುಕೊಂಡು ಸೂಚಕ ಹಾಕಿದರೆ ಗಡಸು ನೀರು ನೇರಳೆಗೆಂಪಾಗುತ್ತದೆ. ಬಳಿಕ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಅಲ್ಲಾಡಿಸುತ್ತಿದ್ದರೆ ಯಾವುದೋ ಒಂದು ಹನಿಗೆ ಇಡೀ ನೀರು ತಟಕ್ಕನೆ ನೀಲಿಯಾಗುತ್ತದೆ. ಅದುವರೆಗೆ ಬಿದ್ದ ಹನಿಗಳ ಲೆಕ್ಕವೇ ಗಡಸುತನದ ಲೆಕ್ಕ. ಮೆತ್ತಗಿನ ನೀರಾದರೆ ಸೂಚಕ ಹಾಕಿದ ಕೂಡಲೇ ನೀಲಿ ಕಾಣುತ್ತದೆ. ಮನೆಯವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಈ ಪರೀಕ್ಷೆ ಮಾಡುವುದು ನನ್ನ ರೂಢಿ, ಆಮೇಲೆ ಮಾತು ಕಡಿಮೆ ಸಾಕಾಗುತ್ತದೆ.

ಹೊರಬರುವ ನೀರು ನಿಜವಾಗಿಯೂ ಗಡಸಾಗಿದ್ದರೆ ಉಪ್ಪಿನ ಟ್ಯಾಂಕಿನ ಮುಚ್ಚಳ ತೆಗೆಯುತ್ತೇನೆ. ಸರ್ಜಾಪುರ ರಸ್ತೆಯ ಒಂದು ಸ್ವಂತ ಮನೆಯಲ್ಲಿ ಬೇರೊಬ್ಬರು ಹಿಂದಿನ ವರ್ಷವಷ್ಟೇ ರೆಸಿನ್ ಬದಲಾಯಿಸಿದ್ದರು, ಆದರೂ ನೀರು ಮತ್ತೆ ಗಡಸಾಗಿತ್ತು. ಮನೆಯ ಯಜಮಾನರು ಯಂತ್ರವನ್ನು ಹೊಗಳುತ್ತಲೇ, "ಉಪ್ಪಂತೂ ಖರ್ಚೇ ಆಗುವುದಿಲ್ಲ, ದೀಪಾವಳಿಗೆ ಹಾಕಿದ್ದು ಇನ್ನೂ ಹಾಗೇ ಇದೆ" ಎಂದರು. ರೋಗ ಯಾವುದೆಂದು ಅವರೇ ಹೇಳಿಬಿಟ್ಟಿದ್ದರು. 25 ಲೀಟರ್ ರೆಸಿನ್ ಇರುವ ಯಂತ್ರ ಒಂದು ರಿಜನರೇಷನ್‌ಗೆ ಸುಮಾರು 3ರಿಂದ 4 ಕಿಲೋ ಉಪ್ಪು ತಿನ್ನಬೇಕು. ತಿನ್ನದಿದ್ದರೆ ಅದು ಉಳಿತಾಯವಲ್ಲ, ಉಪವಾಸ.

ಅಲ್ಲಿ ಸಾಫ್ಟನರ್ ಅನ್ನು ತಾರಸಿಯ ಮೇಲೆ, ಓವರ್‌ಹೆಡ್ ಟ್ಯಾಂಕಿನ ಕೆಳಗೇ ಕೂರಿಸಿದ್ದರು. ತಂತಾನೇ ರಿಜನರೇಷನ್ ಮಾಡಿಕೊಳ್ಳುವ ವಾಲ್ವ್‌ಗಳಲ್ಲಿ ಉಪ್ಪುನೀರನ್ನು ಎಳೆಯಲು ಬೇರೆ ಪಂಪ್ ಇರುವುದಿಲ್ಲ. ನೀರು ಇಂಜೆಕ್ಟರ್ ಎಂಬ ಕಿರಿದಾದ ರಂಧ್ರದ ಮೂಲಕ ವೇಗವಾಗಿ ಹಾಯುವಾಗ ಉಂಟಾಗುವ ಸೆಳೆತವೇ ಉಪ್ಪುನೀರನ್ನು ಮೇಲೆತ್ತುತ್ತದೆ, ಮತ್ತು ಆ ಸೆಳೆತ ಹುಟ್ಟಲು ಸಾಮಾನ್ಯವಾಗಿ 1.5 ಬಾರ್‌ನಷ್ಟು ಒತ್ತಡವಾದರೂ ಬೇಕು. 10 ಮೀಟರ್ ಎತ್ತರದ ನೀರು ಸರಿಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಯಂತ್ರಕ್ಕಿಂತ 3 ಮೀಟರ್ ಮೇಲಿರುವ ಟ್ಯಾಂಕು ಕೊಡುವುದು 0.3 ಬಾರ್ ಮಾತ್ರ. ಹೀಗಾಗಿ ವಾಲ್ವ್ ಪ್ರತಿ ಸಲವೂ ಸದ್ದು ಮಾಡುತ್ತ ತಿರುಗಿ, ತನ್ನ ಎಲ್ಲ ಹಂತಗಳನ್ನೂ ಶಿಸ್ತಿನಿಂದ ಮುಗಿಸಿ, ಹನಿ ಉಪ್ಪುನೀರನ್ನೂ ಎಳೆಯದೆ ಸುಮ್ಮನಾಗುತ್ತಿತ್ತು. ಹೊಸ ರೆಸಿನ್ ಬರುವಾಗಲೇ ಸೋಡಿಯಂ ತುಂಬಿಕೊಂಡಿರುವುದರಿಂದ ಮೊದಲ ಕೆಲವು ದಿನ ನೀರು ಮೆತ್ತಗೆ ಬಂದು, ದುರಸ್ತಿ ಸರಿಯಾಗಿದೆ ಎಂದು ಎಲ್ಲರೂ ನಂಬಿದ್ದರು. ಸಾಫ್ಟನರ್‌ಗೆ ನೀರು ಬರುವ ಕಡೆ ಒಂದು ಸಣ್ಣ ಪ್ರೆಶರ್ ಪಂಪ್ ಹಾಕಿದೆವು. ರಿಜನರೇಷನ್ ಹಚ್ಚಿ, ಉಪ್ಪುನೀರಿನ ಕೊಳವೆಯನ್ನು ಬಿಚ್ಚಿ ಅದರ ತುದಿಗೆ ಬೆರಳಿಟ್ಟಾಗ ಅದು ಬೆರಳನ್ನು ಹೀರಿ ಹಿಡಿಯಿತು. ಅದೇ ರೆಸಿನ್ ಈಗಲೂ ಕೆಲಸ ಮಾಡುತ್ತಿದೆ.

ಒತ್ತಡ ಸರಿಯಿದ್ದೂ ಉಪ್ಪು ಇಳಿಯದಿದ್ದರೆ ಇಂಜೆಕ್ಟರ್ ಬಿಚ್ಚಿ ನೋಡಬೇಕು. ಬೋರ್‌ವೆಲ್‌ನ ಮರಳಿನ ಒಂದು ಕಣ ಅದನ್ನು ಮುಚ್ಚಲು ಸಾಕು. ಅದನ್ನು ನೀರು ಮತ್ತು ಹಳೆಯ ಟೂತ್‌ಬ್ರಷ್‌ನಿಂದ ತೊಳೆಯಬೇಕೇ ಹೊರತು ಗುಂಡುಸೂಜಿಯಿಂದ ಕೆದಕಬಾರದು, ಏಕೆಂದರೆ ರಂಧ್ರ ದೊಡ್ಡದಾದರೆ ಸೆಳೆತವೇ ಹೋಗುತ್ತದೆ. ಇನ್ನು ಕೆಲವು ಟ್ಯಾಂಕುಗಳಲ್ಲಿ ಉಪ್ಪು ಮೇಲ್ಭಾಗದಲ್ಲಿ ಗಟ್ಟಿ ಹೆಪ್ಪುಗಟ್ಟಿ ಅಡಿಯಲ್ಲಿ ಪೊಳ್ಳಾಗಿರುತ್ತದೆ. ನೋಡಲು ತುಂಬಿದಂತಿರುವ ಆ ಉಪ್ಪನ್ನು ಪೊರಕೆಯ ಹಿಡಿಯಿಂದ ಚುಚ್ಚಿದರೆ ಒಡೆದು ದಬಕ್ಕನೆ ಕೆಳಗಿನ ನೀರಿಗೆ ಬೀಳುತ್ತದೆ. ಅಗ್ಗವೆಂದು ಮಣ್ಣು ಬೆರೆತ ಕಲ್ಲುಪ್ಪು ಹಾಕುವವರ ಟ್ಯಾಂಕಿನ ತಳದ ಕೆಸರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಶುದ್ಧೀಕರಿಸಿದ ಉಪ್ಪಿನ ಬಿಲ್ಲೆಗಳೇ ಕೊನೆಗೆ ಅಗ್ಗ.

ಯಂತ್ರ ಉಪ್ಪು ತಿನ್ನುತ್ತಿದ್ದೂ ನೀರು ಗಡಸಾಗಿದ್ದರೆ ನಾನು ಹಿಂದಿರುಗುವುದು ಒಳಬರುವ ನೀರಿನ ಅಂಕಿಗೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 600. ಈ ಭಾಗದ ಬೋರ್‌ವೆಲ್‌ಗಳಲ್ಲಿ 600 ದಾಟುವುದು ಅಪರೂಪವಲ್ಲ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನವನ್ನು ಹಿಡಿಯುತ್ತದೆ ಎಂದಿಟ್ಟುಕೊಂಡರೆ 25 ಲೀಟರ್ ರೆಸಿನ್‌ಗೆ 1,250 ಗ್ರಾಂ ಆಯಿತು. 500ರ ನೀರಿನಲ್ಲಿ ಅದು 2,500 ಲೀಟರ್ ಕೊಡುತ್ತದೆ, 1,000ದ ನೀರಿನಲ್ಲಿ 1,250 ಲೀಟರ್ ಮಾತ್ರ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಮನೆಗಳು ಟ್ಯಾಂಕರ್‌ಗೆ ಮೊರೆಹೋದಾಗ ಒಂದೇ ಸಂಪಿನ ನೀರು ವಾರದಿಂದ ವಾರಕ್ಕೆ ಬದಲಾಗುತ್ತಿತ್ತು. ಹಳೆಯ ಅಂಕಿಗೆ ಹೊಂದಿಸಿಟ್ಟ ವಾಲ್ವ್‌ಗಳಿಗೆ ಅದು ತಿಳಿಯುವ ಬಗೆಯೇ ಇರಲಿಲ್ಲ. ಅಂಥ ಕಡೆ ದುರಸ್ತಿಯೆಂದರೆ ವಾಲ್ವ್‌ನಲ್ಲಿ ಗಡಸುತನದ ಅಂಕಿಯನ್ನು ಬದಲಿಸುವುದು, ಅಷ್ಟೇ.

ಗಡಿಯಾರದ ವಿಷಯವೂ ಇದಕ್ಕೆ ಸೇರಿದ್ದು. ಹೆಚ್ಚಿನ ವಾಲ್ವ್‌ಗಳು ರಾತ್ರಿ 2 ಗಂಟೆಗೆ ರಿಜನರೇಷನ್ ಮಾಡುತ್ತವೆ ಮತ್ತು ಆ ಹೊತ್ತಿನಲ್ಲಿ ಮನೆಗೆ ಗಡಸು ನೀರನ್ನೇ ಬಿಡುತ್ತವೆ. ಬ್ಯಾಟರಿ ಇಲ್ಲದ ವಾಲ್ವ್‌ನ ಗಡಿಯಾರ ಕರೆಂಟು ಹೋದಾಗಲೆಲ್ಲ ಹಿಂದೆ ಬಿದ್ದು, ಕೊನೆಗೆ ಬೆಳಗಿನ ಸ್ನಾನದ ಹೊತ್ತಿಗೇ ರಿಜನರೇಷನ್ ಶುರುವಾದರೆ, ಸರಿಯಾಗಿರುವ ಯಂತ್ರವೂ ಕೆಟ್ಟದ್ದೆಂದು ಹೆಸರು ಪಡೆಯುತ್ತದೆ.

ಇವೆಲ್ಲ ಸರಿಯಿದ್ದರೆ ಮಾತ್ರ ರೆಸಿನ್ ತೆಗೆದು ಅಂಗೈಯಲ್ಲಿ ನೋಡುತ್ತೇನೆ. ಕಬ್ಬಿಣದ ಅಂಶ ಹೆಚ್ಚಿರುವ ನೀರಿನಲ್ಲಿ ಮಣಿಗಳು ಕಡುಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿರುತ್ತವೆ. ಸಿಟ್ರಿಕ್ ಆಮ್ಲದಲ್ಲಿ ನೆನೆಸಿ ತೊಳೆದರೆ ಇವುಗಳಲ್ಲಿ ಹಲವು ಚೇತರಿಸಿಕೊಳ್ಳುತ್ತವೆ. ಸಂಪಿಗೆ ಬ್ಲೀಚಿಂಗ್ ಪೌಡರ್ ಧಾರಾಳವಾಗಿ ಸುರಿಯುವ ಮನೆಗಳಲ್ಲಿ ಕ್ಲೋರಿನ್ ತಿಂದು ಮೆತ್ತಗಾದ ಮಣಿಗಳು ಬೆರಳುಗಳ ನಡುವೆ ಒತ್ತಿದರೆ ಪುಡಿಯಾಗುತ್ತವೆ. ಅವುಗಳಿಗೆ ಮದ್ದಿಲ್ಲ, ಬದಲಾಯಿಸಲೇಬೇಕು.

ಯಂತ್ರ ಮತ್ತೆ ಸರಿಯಾದ ಮೇಲೆ ಉಪ್ಪು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹೇಳಬೇಕಾಗುತ್ತದೆ. 100 ಮಿಲಿಗ್ರಾಂ ಗಡಸುತನ ಇಳಿದರೆ ನೀರಿಗೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ, ಅಂದರೆ 500ರ ನೀರು ಮೆತ್ತಗಾದಾಗ ಲೀಟರಿಗೆ 230 ಮಿಲಿಗ್ರಾಂ. ಆದ್ದರಿಂದ ರಕ್ತದೊತ್ತಡ ಇರುವವರ ಮನೆಯಲ್ಲಿ ಆ ನೀರನ್ನು ನೇರವಾಗಿ ಕುಡಿಯಬೇಡಿ, ಆರ್‌ಒ ಮೂಲಕ ಹಾಯಿಸಿ ಎನ್ನುತ್ತೇನೆ. ಉಳಿದ ಉಪ್ಪು ಹೊರಗಿನ ಪೈಪಿನಿಂದ ಹೋಗುತ್ತದೆ. ನೀರು ವ್ಯರ್ಥವಾಗದಿರಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಕೆಲವರು ಅದನ್ನು ತೆಂಗಿನ ಬುಡಕ್ಕೋ ಮಳೆನೀರಿನ ಇಂಗುಗುಂಡಿಗೋ ತಿರುಗಿಸಿರುತ್ತಾರೆ. ಇಂಗುಗುಂಡಿಗೆ ಬಿಟ್ಟ ಉಪ್ಪು ಅವರದೇ ಬೋರ್‌ವೆಲ್‌ನತ್ತ ಇಳಿಯುತ್ತದೆ. ಆ ಪೈಪನ್ನು ಒಳಚರಂಡಿಗೆ ಸೇರಿಸುವುದನ್ನೂ ನಾನು ದುರಸ್ತಿಯ ಭಾಗವೆಂದೇ ಎಣಿಸುತ್ತೇನೆ, ಅದಕ್ಕೆ ಬೇರೆ ಹಣ ಕೇಳುವುದಿಲ್ಲ.