ಮೂಗಿನ ತುದಿಯ ಗುಳ್ಳೆ

ಇವತ್ತು ದಾವಣಗೆರೆ ಮಂಡಿಪೇಟೆಯ ಮೆಡಿಕಲ್ ಶಾಪ್ ಮುಂದೆ ಒಬ್ಬ ಅಜ್ಜ. ಹಣೆಯ ಬಲಗಡೆಯೆಲ್ಲ ಕೆಮ್ಮಣ್ಣು ಮೆತ್ತಿದ್ದರು. ಸರ್ಪಸುತ್ತು.

ನನ್ನ ಕಣ್ಣು ಹೋಗಿದ್ದು ಮೂಗಿನ ತುದಿಗೆ. ಅಲ್ಲೊಂದು ಸಣ್ಣ ನೀರ್ಗುಳ್ಳೆ.

"ಯಾವಾಗ ಎದ್ದಿದ್ದು ಅಜ್ಜಾರೆ?"
"ನಿನ್ನೆ ಸಂಜೀಗೆ."

ಸದ್ಯ, ಇನ್ನೂ ಟೈಮಿದೆ.

ಮೂಗಿನ ತುದಿಗೆ ಬರೋ ನರದ ಕವಲೇ ಕಣ್ಣಿನೊಳಗೂ ಹೋಗುತ್ತೆ. ಅಲ್ಲಿ ಗುಳ್ಳೆ ಎದ್ದರೆ ಕಣ್ಣು ಕೆಂಪಾಗೋವರೆಗೆ ಕಾಯಬಾರದು, ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ದೃಷ್ಟಿಯೇ ಹೋಗಬಹುದು.

ಚಿಕ್ಕಂದಿನಲ್ಲಿ ಬಂದ ಸಿಡುಬಿನಂಥ ಆ ಚಿಕನ್‌ಪಾಕ್ಸ್ ವೈರಸ್ಸೇ ಇದು. ನರದ ಬುಡದಲ್ಲಿ ದಶಕಗಟ್ಟಲೆ ಮಲಗಿದ್ದು, ಮೈಯ ಶಕ್ತಿ ಕುಗ್ಗಿದಾಗ ಏಳುತ್ತೆ. ಕೆಮ್ಮಣ್ಣು ಚರ್ಮದ ಮೇಲೇ ಉಳಿಯುತ್ತೆ, ನರ ಮುಟ್ಟಲ್ಲ. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾಗಬೇಕು. ಸಾಮಾನ್ಯವಾಗಿ ಅಸೈಕ್ಲೋವಿರ್ 800 ಮಿಲಿಗ್ರಾಂ, ದಿನಕ್ಕೆ 5 ಸಲ, 7 ದಿನ. ಕಿಡ್ನಿ ತೊಂದರೆ ಇದ್ದರೆ ಡೋಸ್ ಇಳಿಸಬೇಕಾಗುತ್ತೆ, ಅದಕ್ಕೇ ಡಾಕ್ಟರ್ ಚೀಟಿ ಇಲ್ಲದೆ ಬೇಡ.

ಗುಳ್ಳೆ ಒಣಗಿದ ಮೇಲೂ 3 ತಿಂಗಳು ದಾಟಿ ಉರಿ ಉಳಿದರೆ ಅದು ನರದ ನೋವು. ಅಂಗಿ ತಾಗಿದರೂ ಬೆಂಕಿ ತಾಗಿದಂಗೆ. "ಗಾಯ ಮಾಯ್ತಲ್ಲ, ಇನ್ನೇನು ನೋವು" ಅಂತ ಮನೆಯವರು ಗದರೋದು ನೋಡಿದರೆ ಸಂಕಟ ಆಗುತ್ತೆ. ಪ್ಯಾರಸಿಟಮಾಲ್‌ಗೆ ಅದು ಬಗ್ಗೋದು ಕಡಿಮೆ. ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್‌ನಂಥವು ಬೇಕು, ರಾತ್ರಿ ಸಣ್ಣ ಡೋಸಿನಿಂದ ಶುರು ಮಾಡಿ ನಿಧಾನಕ್ಕೆ ಏರಿಸ್ತಾರೆ. ವಯಸ್ಸಾದವರಿಗೆ ತಲೆ ತಿರುಗಿ ಬೀಳೋ ಭಯ ಇರುತ್ತೆ, ಬಚ್ಚಲಿಗೆ ಹೋಗುವಾಗ ಯಾರಾದ್ರೂ ಜೊತೆಗಿರಿ.

ಕಿವಿಯಲ್ಲಿ ಗುಳ್ಳೆ ಎದ್ದು ಬಾಯಿ ಒಂದು ಕಡೆ ಸೊಟ್ಟಗಾದರೂ ಇದೇ ವೈರಸ್ ಇರಬಹುದು. ಆಗಲೂ ಅವತ್ತೇ ಹೋಗಬೇಕು.

ಅಜ್ಜಾರನ್ನ ಆಟೋ ಹತ್ತಿಸಿದೆವು, ಕಣ್ಣಿನ ಆಸ್ಪತ್ರೆಗೆ.