ಶಾಂತಿ ಇಲಾಖೆಯ ಮಸೂದೆ: ನಿಮ್ಮ ಜನಪ್ರತಿನಿಧಿಯ ಸಹಿ ಪಡೆಯುವುದು ಹೇಗೆ

ಅಮೆರಿಕದಲ್ಲಿ ರಕ್ಷಣೆಗೆ, ಕೃಷಿಗೆ, ಸಾರಿಗೆಗೆ ಇರುವ ಹಾಗೆ ಶಾಂತಿಗೂ ಒಂದು ಸಂಪುಟ ದರ್ಜೆಯ ಇಲಾಖೆ ಬೇಕು ಎಂಬ ಬೇಡಿಕೆಗೆ ಇನ್ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರಾದ ವೈದ್ಯ ಬೆಂಜಮಿನ್ ರಷ್, ಯುದ್ಧ ಇಲಾಖೆಯ ಜೊತೆಗೆ ಶಾಂತಿ ಕಚೇರಿಯೂ ಇರಲಿ ಎಂದು 1790ರ ದಶಕದಲ್ಲೇ ಬರೆದಿದ್ದರು. ಈಗಿನ ಚಳವಳಿಗೆ ಆಧಾರವಾಗಿರುವ ಮಸೂದೆಯನ್ನು ಓಹಾಯೋದ ಡೆನ್ನಿಸ್ ಕುಸಿನಿಚ್ 2001ರ ಜುಲೈ 11ರಂದು ಸಂಸತ್ತಿನ ಕೆಳಮನೆಯಾದ ಹೌಸ್‌ನಲ್ಲಿ ಮಂಡಿಸಿದರು. ಸರಿಯಾಗಿ ಎರಡು ತಿಂಗಳಿಗೆ ಸೆಪ್ಟೆಂಬರ್ 11ರ ದಾಳಿ ನಡೆಯಿತು. ಆಮೇಲೆ ಪ್ರತಿ ಕಾಂಗ್ರೆಸ್‌ನಲ್ಲೂ (ಅಮೆರಿಕದ ಸಂಸತ್ತಿನ ಪ್ರತಿ ಅವಧಿಯಲ್ಲೂ) ಅವರು ಮತ್ತೆ ಮತ್ತೆ ಮಂಡಿಸಿದರು. 2005ರಲ್ಲಿ ಮಿನ್ನೆಸೋಟದ ಮಾರ್ಕ್ ಡೇಟನ್ ಮೇಲ್ಮನೆಯಾದ ಸೆನೆಟ್‌ನಲ್ಲೂ ತಂದರು. 2013ರಿಂದ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ‘ಡಿಪಾರ್ಟ್‌ಮೆಂಟ್ ಆಫ್ ಪೀಸ್‌ಬಿಲ್ಡಿಂಗ್’ ಎಂಬ ಹೆಸರಿನಲ್ಲಿ ಅದನ್ನು ಮುಂದುವರಿಸಿದರು. ಇಷ್ಟೆಲ್ಲ ಆದರೂ ಮಸೂದೆ ಒಮ್ಮೆಯೂ ಸಮಿತಿ ಹಂತ ದಾಟಲಿಲ್ಲ.

ಈ ಕೊನೆಯ ಸಂಗತಿಯನ್ನು ಮುಚ್ಚಿಟ್ಟು ಸ್ವಯಂಸೇವಕರನ್ನು ಕರೆತರಬಾರದು. ‘ಈ ವರ್ಷ ಪಾಸಾಗುತ್ತದೆ’ ಎಂದು ನಂಬಿಸಿದರೆ ಆರು ತಿಂಗಳಲ್ಲಿ ಜನ ಕೈಚೆಲ್ಲುತ್ತಾರೆ. ಸದ್ಯದ ಕೆಲಸ ಒಂದೊಂದೇ ಕ್ಷೇತ್ರದಲ್ಲಿ ಕೋ-ಸ್ಪಾನ್ಸರ್ ಸಹಿ ಪಡೆಯುವುದು, ಅಂದರೆ ಪ್ರತಿನಿಧಿ ತಮ್ಮ ಹೆಸರನ್ನೂ ಮಸೂದೆಯ ಬೆಂಬಲಿಗರ ಅಧಿಕೃತ ಪಟ್ಟಿಗೆ ಸೇರಿಸುವಂತೆ ಮಾಡುವುದು. ಹೌಸ್‌ನ 435 ಸ್ಥಾನಗಳಲ್ಲಿ ಬಹುಮತಕ್ಕೆ 218 ಬೇಕು. ಆದರೆ ಮಸೂದೆಯನ್ನು ಪರಿಶೀಲನೆಗೆ ಒಪ್ಪಿಸಿದ ಸಮಿತಿಯ ಅಧ್ಯಕ್ಷರು ವಿಚಾರಣೆಗೆ ಒಪ್ಪುವಂತಾಗಲು ಆ ಸಮಿತಿಯ ಸದಸ್ಯರ ಸಹಿಗಳಿಗೇ ತೂಕ ಹೆಚ್ಚು. ನಿಮ್ಮ ಪ್ರತಿನಿಧಿ ಯಾವ ಸಮಿತಿಯಲ್ಲಿದ್ದಾರೆ ಎಂಬುದನ್ನು ಮೊದಲು ನೋಡಿಕೊಳ್ಳಿ.

ಇನ್ನೊಂದು ವಿಷಯ ಅನೇಕರಿಗೆ ತಿಳಿದಿರುವುದಿಲ್ಲ. ಒಂದು ಕಾಂಗ್ರೆಸ್‌ನ ಅವಧಿ ಎರಡು ವರ್ಷ. ಬೆಸ ಸಂಖ್ಯೆಯ ವರ್ಷದ ಜನವರಿಯಲ್ಲಿ ಹೊಸದು ಶುರುವಾದಾಗ ಹಳೆಯ ಮಸೂದೆಗಳೆಲ್ಲ ಬಿದ್ದುಹೋಗುತ್ತವೆ, ಅವುಗಳ ಜೊತೆ ಕೋ-ಸ್ಪಾನ್ಸರ್‌ಗಳ ಸಹಿಯೂ. ‘ನಮ್ಮವರು ಹೋದ ಸಲವೇ ಸಹಿ ಹಾಕಿದ್ದಾರಲ್ಲ’ ಎಂದು ಸುಮ್ಮನಿದ್ದರೆ ಸಹಿ ತಪ್ಪಿಹೋಗುತ್ತದೆ. ಕಾಂಗ್ರೆಸ್.ಗವ್ ತಾಣದಲ್ಲಿ ಮಸೂದೆಯ ಈಗಿನ ಸಂಖ್ಯೆ ಹಾಕಿ ಪಟ್ಟಿ ನೋಡಿದ ಮೇಲೇ ಕಚೇರಿಗೆ ಫೋನ್ ಮಾಡಿ. ಸಹಿ ಹಾಕಿರುವವರ ಬಳಿ ಹೋಗಿ ಸಹಿ ಹಾಕಿ ಎಂದು ಕೇಳುವುದು, ನಾವು ಓದಿಕೊಂಡು ಬಂದಿಲ್ಲ ಎಂದು ನಾವೇ ಹೇಳಿಕೊಂಡಂತೆ.

ಭೇಟಿಯ ಸಿದ್ಧತೆ ಹೀಗಿರಲಿ. ಮೂರ್ನಾಲ್ಕು ವಾರ ಮೊದಲೇ, ಪ್ರತಿನಿಧಿಯ ಭೇಟಿಗಳ ಸಮಯ ಗೊತ್ತುಮಾಡುವ ಸ್ಕೆಡ್ಯೂಲರ್‌ಗೆ ಇಮೇಲ್ ಕಳಿಸಿ: ಬರುವವರ ಹೆಸರು, ಪ್ರತಿಯೊಬ್ಬರ ಜಿಪ್ ಕೋಡ್, ಮಸೂದೆಯ ಸಂಖ್ಯೆ, ಕೇಳಲಿರುವ ಒಂದೇ ಕೋರಿಕೆ. ಕ್ಷೇತ್ರದ ಹೊರಗಿನವರು ಎಷ್ಟು ದೊಡ್ಡ ವಿದ್ವಾಂಸರಾದರೂ ಕಚೇರಿಗೆ ಬೇಕಿರುವುದು ಕ್ಷೇತ್ರದವರು. ಮತದಾನದ ಹಕ್ಕಿಲ್ಲದ ವೀಸಾದವರೂ ಗ್ರೀನ್ ಕಾರ್ಡ್‌ನವರೂ ಆ ಕ್ಷೇತ್ರದ ನಿವಾಸಿಗಳೇ. ಮನವಿ ಕೊಡುವ ಹಕ್ಕು ಅವರಿಗೂ ಇದೆ, ಸಂಕೋಚ ಬೇಡ. ಚುನಾವಣಾ ದೇಣಿಗೆಯ ಮಾತು ಬೇರೆ: ವೀಸಾದಲ್ಲಿರುವವರು ಅದನ್ನು ಕೊಡುವಂತಿಲ್ಲ. ಯಾರೇ ಆಗಲಿ, ಕಚೇರಿಯೊಳಗೆ ದೇಣಿಗೆಯ ಪ್ರಸ್ತಾಪವನ್ನೇ ಎತ್ತಬಾರದು. ಸಿಬ್ಬಂದಿ ಅಲ್ಲಿಗೇ ಮಾತು ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು.

ವಾಷಿಂಗ್ಟನ್‌ಗೆ ಹೋಗಲೇಬೇಕೆಂದಿಲ್ಲ. ಊರಿನಲ್ಲಿರುವ ಡಿಸ್ಟ್ರಿಕ್ಟ್ ಆಫೀಸಿನ ಭೇಟಿಯೇ ಎಷ್ಟೋ ಸಲ ಹೆಚ್ಚು ಫಲ ಕೊಡುತ್ತದೆ. ಆಗಸ್ಟ್ ಬಿಡುವಿನಲ್ಲಿ ಪ್ರತಿನಿಧಿಯೇ ಸಿಗಬಹುದು. ಹೋಗುವುದಾದರೆ ಹೌಸ್ ಕಟ್ಟಡಗಳು (ಕ್ಯಾನನ್, ಲಾಂಗ್‌ವರ್ತ್, ರೇಬರ್ನ್) ಸಂಸತ್ ಭವನವಾದ ಕ್ಯಾಪಿಟಲ್‌ನ ದಕ್ಷಿಣಕ್ಕೂ ಸೆನೆಟ್ ಕಟ್ಟಡಗಳು ಉತ್ತರಕ್ಕೂ ಇವೆ ಎಂಬುದು ನೆನಪಿರಲಿ. ಎರಡೂ ಕಡೆ ಭೇಟಿ ಇದ್ದರೆ ನಡುವೆ ಮುಕ್ಕಾಲು ಗಂಟೆ ಬಿಡಿ. ನಡಿಗೆಯ ಜೊತೆಗೆ ಭದ್ರತಾ ತಪಾಸಣೆಯ ಸಾಲೂ ಇರುತ್ತದೆ. ಅಂಚೆಯಲ್ಲಿ ಕ್ಯಾಪಿಟಲ್‌ಗೆ ಪತ್ರ ಹಾಕಬೇಡಿ. 2001ರ ಆಂಥ್ರಾಕ್ಸ್ ಪತ್ರಗಳ ನಂತರ ಎಲ್ಲ ಅಂಚೆಯೂ ಬೇರೆಡೆ ತಪಾಸಣೆಯಾಗಿ ಬರುವುದರಿಂದ ಬಹಳ ತಡವಾಗುತ್ತದೆ. ಕಾಗದದಲ್ಲೇ ಕೊಡಬೇಕೆಂದಿದ್ದರೆ ಡಿಸ್ಟ್ರಿಕ್ಟ್ ಆಫೀಸಿಗೆ ಕೊಟ್ಟು ಬನ್ನಿ.

ನಾಲ್ಕೈದು ಜನರ ತಂಡ ಸಾಕು. ಹತ್ತು ಜನ ಹೋದರೆ ಪರಿಚಯದಲ್ಲೇ ಸಮಯ ಮುಗಿಯುತ್ತದೆ. ಸಿಗುವುದು ಹದಿನೈದರಿಂದ ಇಪ್ಪತ್ತು ನಿಮಿಷ, ಅದೂ ಬಹುತೇಕ ಇಪ್ಪತ್ತೈದರ ಆಸುಪಾಸಿನ ವಯಸ್ಸಿನ ಲೆಜಿಸ್ಲೇಟಿವ್ ಅಸಿಸ್ಟೆಂಟ್ (ಮಸೂದೆಗಳನ್ನು ನೋಡಿಕೊಳ್ಳುವ ಸಹಾಯಕ) ಜೊತೆ. ಪ್ರತಿನಿಧಿ ಸಿಗಲಿಲ್ಲವೆಂದು ಮುಖ ಸಪ್ಪಗೆ ಮಾಡಬೇಡಿ. ಸಹಿ ಹಾಕಬೇಕೋ ಬೇಡವೋ ಎಂದು ಒಳಗೆ ಸಲಹೆ ಬರೆಯುವವರು ಅವರೇ. ಮೊದಲ ಎರಡು ನಿಮಿಷ ಪರಿಚಯ, ಪ್ರತಿಯೊಬ್ಬರೂ ಹೆಸರು ಮತ್ತು ಊರು ಮಾತ್ರ. ಪ್ರತಿನಿಧಿ ಈಚೆಗೆ ಮಾಡಿದ ಯಾವುದಾದರೂ ಒಳ್ಳೆಯ ಕೆಲಸಕ್ಕೆ ನಿಜವಾದ ಒಂದು ಧನ್ಯವಾದ. ಮುಂದಿನ ಮೂರು ನಿಮಿಷ ಕ್ಷೇತ್ರದ ಒಬ್ಬರ ಮಾತು: ಶಾಲೆಯಲ್ಲಿ ಮಕ್ಕಳ ಜಗಳ ಬಿಡಿಸುವ ತರಬೇತಿ ಕೊಡುವ ಶಿಕ್ಷಕಿ, ಸೇನೆಯಿಂದ ನಿವೃತ್ತರಾದವರು, ಬಂದೂಕಿಗೆ ಮಗನನ್ನು ಕಳೆದುಕೊಂಡ ತಾಯಿ. ಎರಡು ನಿಮಿಷ ಮಸೂದೆಯ ಸಾರ. ಅದಾದ ಮೇಲೆ ನೇರ ಪ್ರಶ್ನೆ: ‘ಪ್ರತಿನಿಧಿಯವರು ಈ ಮಸೂದೆಗೆ ಕೋ-ಸ್ಪಾನ್ಸರ್ ಆಗುತ್ತಾರಾ?’ ಕೇಳಿದ ಮೇಲೆ ಸುಮ್ಮನಿರಿ. ಅರ್ಧ ನಿಮಿಷದ ಮೌನ ತಡೆಯಲಾರದೆ ನಮ್ಮವರೇ ಯಾರಾದರೂ ‘ಪರವಾಗಿಲ್ಲ, ಯೋಚಿಸಿ ಹೇಳಿ’ ಎಂದುಬಿಡುತ್ತಾರೆ. ಬರಬೇಕಿದ್ದ ಉತ್ತರ ಅಲ್ಲಿಗೆ ಕೈತಪ್ಪುತ್ತದೆ. ಉಳಿದ ಸಮಯವೆಲ್ಲ ಅವರ ಪ್ರಶ್ನೆಗಳಿಗೆ. ಒಬ್ಬರು ಮಾತಾಡದೆ ಬರೆದುಕೊಳ್ಳುತ್ತಿರಲಿ.

ಕೈಗೆ ಕೊಡುವ ಕಾಗದ ಒಂದೇ ಹಾಳೆ, ಮೇಲ್ಭಾಗದಲ್ಲಿ ಮಸೂದೆಯ ಸಂಖ್ಯೆ ಮತ್ತು ಕೋರಿಕೆ. ದಪ್ಪ ಫೈಲು ಯಾರೂ ತೆರೆಯುವುದಿಲ್ಲ. ಉಡುಗೊರೆ, ಶಾಲು, ಸಿಹಿ ಬೇಡ. ಅವರಿಗೆ ಉಡುಗೊರೆ ನಿಯಮಗಳಿವೆ, ಸುಮ್ಮನೆ ಮುಜುಗರ.

ಎಲ್ಲ ಕಚೇರಿಯಲ್ಲೂ ಎದುರಾಗುವ ಪ್ರಶ್ನೆ, ‘ಯು.ಎಸ್. ಇನ್‌ಸ್ಟಿಟ್ಯೂಟ್ ಆಫ್ ಪೀಸ್ ಇದೆಯಲ್ಲ?’ ಎಂಬುದು. ಅದನ್ನು ಕಾಂಗ್ರೆಸ್ 1984ರಲ್ಲಿ ಸ್ಥಾಪಿಸಿತು. ಅದರ ಗಮನವೆಲ್ಲ ವಿದೇಶಗಳ ಸಂಘರ್ಷದ ಮೇಲೆ. ಸಂಪುಟದಲ್ಲಿ ಅದಕ್ಕೆ ಕುರ್ಚಿ ಇಲ್ಲ. 2025ರ ಮಾರ್ಚ್‌ನಲ್ಲಿ ಅದರ ಮಂಡಳಿಯ ಬಹುಪಾಲು ಸದಸ್ಯರನ್ನೂ ಬಳಿಕ ಸಿಬ್ಬಂದಿಯನ್ನೂ ಆಡಳಿತ ವಜಾ ಮಾಡಿತು, ವಿಷಯ ಕೋರ್ಟಿಗೆ ಹೋಯಿತು. ನಮ್ಮ ಮಸೂದೆಯ ಇಲಾಖೆಗೆ ದೇಶದೊಳಗಿನ ಹಿಂಸೆಯೂ ಸೇರುತ್ತದೆ: ಮನೆಯೊಳಗಿನ ದೌರ್ಜನ್ಯ, ಗ್ಯಾಂಗುಗಳು, ಶಾಲೆ, ಜೈಲು. ಈ ಭಾಗವನ್ನು ಮೊದಲು ಹೇಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಯುದ್ಧದಿಂದ ಶುರು ಮಾಡಿದರೆ ಎದುರಿನವರು ಪಕ್ಷದ ಕನ್ನಡಕ ಹಾಕಿಕೊಳ್ಳುತ್ತಾರೆ; ತಮ್ಮ ಊರಿನ ಶಾಲೆಯಿಂದ ಶುರು ಮಾಡಿದರೆ ಪೆನ್ನು ತೆಗೆಯುತ್ತಾರೆ.

‘ಬೇರೆ ಎಲ್ಲಾದರೂ ಇದೆಯಾ?’ ಎಂದರೆ ಉತ್ತರ ಸಿದ್ಧವಿರಲಿ. ಜನಾಂಗೀಯ ಸಂಘರ್ಷ ಕಂಡ ಸಾಲೊಮನ್ ದ್ವೀಪಗಳಲ್ಲಿ ರಾಷ್ಟ್ರೀಯ ಏಕತೆ, ರಾಜಿ ಮತ್ತು ಶಾಂತಿಯ ಸಚಿವಾಲಯವೆಂದೇ ಒಂದಿತ್ತು. ಅಂತರ್ಯುದ್ಧ ಮುಗಿದ ಮೇಲೆ ನೇಪಾಳ 2007ರಲ್ಲಿ ಶಾಂತಿ ಮತ್ತು ಪುನರ್ನಿರ್ಮಾಣ ಸಚಿವಾಲಯ ತೆರೆಯಿತು, ಈಗ ಅದಿಲ್ಲ. 1948ರಲ್ಲೇ ಸೇನೆಯನ್ನು ಕೈಬಿಟ್ಟ ಕೋಸ್ಟರಿಕ 2009ರಲ್ಲಿ ತನ್ನ ನ್ಯಾಯ ಸಚಿವಾಲಯವನ್ನು ‘ನ್ಯಾಯ ಮತ್ತು ಶಾಂತಿ’ ಸಚಿವಾಲಯವನ್ನಾಗಿ ಮಾಡಿತು. ಇವು ಸಣ್ಣ ದೇಶಗಳು ಎನ್ನುತ್ತಾರೆ. ಹೌದು ಎಂದು ಒಪ್ಪಿಕೊಂಡು ಮುಂದೆ ಹೋಗಿ, ವಾದಕ್ಕಿಳಿಯಬೇಡಿ. ಖರ್ಚಿನ ಪ್ರಶ್ನೆಗೆ ಈ ಕಾಂಗ್ರೆಸ್‌ನ ಮಸೂದೆಯ ಪಠ್ಯದಲ್ಲಿ ಇರುವುದನ್ನು ಮಾತ್ರ ಹೇಳಿ. ಅಂಶಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗಿವೆ, ಹಳೆಯ ಕರಪತ್ರದ ಅಂಕಿ ಹೇಳಿ ಸಿಕ್ಕಿಬೀಳುವವರು ಬಹಳ. ಗೊತ್ತಿಲ್ಲದಿದ್ದರೆ ‘ನಾಳೆ ತಿಳಿಸುತ್ತೇವೆ’ ಎನ್ನಿ. ಮತ್ತೆ ಮಾತಾಡಲು ಅದೇ ಒಂದು ನೆಪವಾಗುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಭೇಟಿಯ ನಂತರ. ಅದೇ ದಿನ ಧನ್ಯವಾದದ ಇಮೇಲ್, ಅದರಲ್ಲಿ ಕೋರಿಕೆ ಮತ್ತೊಮ್ಮೆ, ಕೇಳಿದ ಮಾಹಿತಿ ಜೊತೆಗೆ. ಎರಡು ವಾರ ಬಿಟ್ಟು ಒಂದು ಫೋನ್. ಆ ನಡುವೆ ಕ್ಷೇತ್ರದ ಬೇರೆ ಹತ್ತು ಜನ ತಲಾ ಒಂದು ಕರೆ ಮಾಡಿದರೆ ನಿಮ್ಮ ಭೇಟಿಗೆ ಬಲ ಬರುತ್ತದೆ. ಕ್ಯಾಪಿಟಲ್ ಸ್ವಿಚ್‌ಬೋರ್ಡ್ 202-224-3121. ಹೇಳಬೇಕಾದದ್ದು ಇಷ್ಟೇ: ಹೆಸರು, ಜಿಪ್ ಕೋಡ್, ಮಸೂದೆಯ ಸಂಖ್ಯೆ, ‘ಪ್ರತಿನಿಧಿಯವರು ಕೋ-ಸ್ಪಾನ್ಸರ್ ಆಗಬೇಕೆಂದು ಕೋರುತ್ತೇನೆ, ಅವರ ನಿಲುವನ್ನು ಬರಹದಲ್ಲಿ ತಿಳಿಸಿ.’ ಬರಹದ ಉತ್ತರ ಕೇಳಿದರೆ ಯಾರೋ ಒಬ್ಬರು ಕೂತು ನಿಲುವು ಏನೆಂದು ಯೋಚಿಸಲೇಬೇಕಾಗುತ್ತದೆ. ಒಂದೇ ಒಕ್ಕಣೆಯ ಸಾವಿರ ಇಮೇಲ್‌ಗಳನ್ನು ಒಂದೇ ಗುಂಪಿಗೆ ಹಾಕಿ ಸಿದ್ಧ ಉತ್ತರ ಕಳಿಸುತ್ತಾರೆ. ಆನ್‌ಲೈನ್ ಅರ್ಜಿಗಳದ್ದೂ ಅದೇ ಗತಿ. ಅವು ಹೊಸಬರ ಇಮೇಲ್ ಪಟ್ಟಿ ಬೆಳೆಸಲು ಒಳ್ಳೆಯವು, ಸಹಿ ತರಲು ಅಲ್ಲ. ಸ್ಥಳೀಯ ಪತ್ರಿಕೆಗೆ ಬರೆಯುವ ನೂರೈವತ್ತು ಪದಗಳ ಪತ್ರ ಇವೆಲ್ಲಕ್ಕಿಂತ ಮೇಲು. ಅದರಲ್ಲಿ ಪ್ರತಿನಿಧಿಯ ಹೆಸರು ಇರಲೇಬೇಕು, ಹೆಸರಿದ್ದರೆ ಕಚೇರಿಯವರ ಕಣ್ಣಿಗೆ ಬೀಳುತ್ತದೆ. ನಗರಸಭೆಯಿಂದ ಬೆಂಬಲದ ನಿರ್ಣಯ ಮಾಡಿಸಿದರೆ ಅದರ ಪ್ರತಿಯನ್ನು ಮುಂದಿನ ಭೇಟಿಗೆ ಒಯ್ಯಿರಿ.

ದುಡ್ಡಿನ ಲೆಕ್ಕದ ಬಗ್ಗೆ ಒಂದು ಮಾತು. ನಿಮ್ಮ ಸಂಘ 501(ಸಿ)(3), ಅಂದರೆ ತೆರಿಗೆ ವಿನಾಯಿತಿ ಪಡೆದ ದತ್ತಿ ಸಂಸ್ಥೆ ಆಗಿದ್ದರೆ ಲಾಬಿ (ಮಸೂದೆಯ ಪರ ಶಾಸಕರ ಮನವೊಲಿಸುವ ಕೆಲಸ) ಮಾಡಲೇಬಾರದು ಎಂಬುದು ತಪ್ಪು ಕಲ್ಪನೆ. ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಫಾರ್ಮ್ 5768 ಕಳಿಸಿ 501(ಎಚ್) ಎಂಬ ಕಲಮಿನ ಆಯ್ಕೆ ಮಾಡಿಕೊಂಡರೆ ಮಿತಿ ಸ್ಪಷ್ಟವಾಗುತ್ತದೆ: ವಾರ್ಷಿಕ ಖರ್ಚಿನ ಮೊದಲ 5 ಲಕ್ಷ ಡಾಲರ್‌ವರೆಗೆ ಶೇ 20ರಷ್ಟು ಲಾಬಿಗೆ, ಅದರ ಕಾಲು ಭಾಗ ಮಾತ್ರ ಸಾರ್ವಜನಿಕರಿಗೆ ‘ನಿಮ್ಮ ಪ್ರತಿನಿಧಿಗೆ ಫೋನ್ ಮಾಡಿ’ ಎಂದು ಕರೆ ಕೊಡುವುದಕ್ಕೆ. ವರ್ಷಕ್ಕೆ 1 ಲಕ್ಷ ಡಾಲರ್ ಖರ್ಚಿನ ಸಂಘಕ್ಕೆ ಒಟ್ಟು 20,000, ಅದರಲ್ಲಿ 5,000. ಸಂಬಳವಿಲ್ಲದ ಸ್ವಯಂಸೇವಕರ ಸಮಯ ಈ ಲೆಕ್ಕಕ್ಕೆ ಬರುವುದಿಲ್ಲ. ಚರ್ಚುಗಳಿಗೆ ಈ ಆಯ್ಕೆ ಇಲ್ಲ. ಅಭ್ಯರ್ಥಿಗಳ ಪರ ಅಥವಾ ವಿರುದ್ಧ ಪ್ರಚಾರ ಮಾತ್ರ ಯಾವ (ಸಿ)(3)ಗೂ ಸಲ್ಲದು.

ಇಲ್ಲ ಎಂಬ ಉತ್ತರ ಬಂದ ಕಚೇರಿಗೆ ಸಣ್ಣ ಕೋರಿಕೆಯೊಂದಿಗೆ ಮತ್ತೆ ಹೋಗಬಹುದು. ವರ್ಜೀನಿಯಾದ ಪ್ರತಿನಿಧಿ ಬಾಬಿ ಸ್ಕಾಟ್ ಮಂಡಿಸಿದ, ಯುವಕರು ಅಪರಾಧಕ್ಕಿಳಿಯದಂತೆ ತಡೆಯುವ ಯೂತ್ ಪ್ರಾಮಿಸ್ ಮಸೂದೆಯನ್ನು ಈ ಚಳವಳಿಯವರೂ ಬೆಂಬಲಿಸಿದ್ದರು. ಅದು ಸ್ವತಂತ್ರವಾಗಿ ಪಾಸಾಗದಿದ್ದರೂ ಅದರ ಕೆಲವು ಅಂಶಗಳು 2018ರ ಬಾಲನ್ಯಾಯ ಸುಧಾರಣಾ ಕಾನೂನಿನೊಳಗೆ ಸೇರಿದವು. ಕೋ-ಸ್ಪಾನ್ಸರ್ ಆಗಲೊಲ್ಲದ ಕಚೇರಿಯೂ ಅಂಥದ್ದಕ್ಕೆ ಒಪ್ಪಬಹುದು.

ಸಿಬ್ಬಂದಿ ಬೇಗ ಬೇಗ ಬದಲಾಗುತ್ತಾರೆ. ಯಾರನ್ನು ಯಾವ ದಿನ ಕಂಡಿರಿ, ಅವರು ಏನೆಂದರು, ಯಾವ ಪ್ರಶ್ನೆ ಬಾಕಿ ಇದೆ ಎಂಬುದನ್ನು ಪ್ರತಿ ಕಚೇರಿಗೂ ಒಂದೊಂದು ಪುಟ ಬರೆದಿಟ್ಟು, ಹಂಚಿಕೊಂಡ ಒಂದೇ ಕಡತದಲ್ಲಿ ಸೇರಿಸಿ. ಹೊಸ ಕಾಂಗ್ರೆಸ್‌ನ ಜನವರಿ ಬಂದಾಗ ಮಸೂದೆಯನ್ನು ಯಾರು ಮಂಡಿಸುತ್ತಾರೆಂದು ನೋಡಿಕೊಂಡು, ಹಿಂದೆ ಸಹಿ ಹಾಕಿದವರ ಕಚೇರಿಗಳಿಗೇ ಮೊದಲ ಕರೆ ಮಾಡಿ. ಮಂಡನೆಗೆ ಮುಂಚೆಯೇ ಒಪ್ಪಿದರೆ ಅವರ ಹೆಸರು ಮೂಲ ಕೋ-ಸ್ಪಾನ್ಸರ್ ಎಂದು ಮಸೂದೆಯ ಮೊದಲ ಪುಟದಲ್ಲೇ ಅಚ್ಚಾಗುತ್ತದೆ.