ಆರು ಎಲ್‌ಬಿಡಬ್ಲ್ಯೂ, ಬೀಳುವ ತಲೆ: ನನ್ನ ಬ್ಯಾಟಿಂಗ್ ರಿಪೇರಿಯ ಮೂರು ತಿಂಗಳು

ಜನವರಿ 5

ಕ್ಯಾಪ್ಟನ್ ಹತ್ತಿರ ಕಳೆದ ಸೀಸನ್ನಿನ ಸ್ಕೋರ್ ಪುಸ್ತಕ ಇಸಕೊಂಡು ಬಂದು, ನನ್ನ ಹೆಸರಿನ ಮುಂದೆ ಇದ್ದದ್ದನ್ನಷ್ಟೇ ಒಂದು ಹಾಳೆಗೆ ಇಳಿಸಿದೆ. 14 ಇನಿಂಗ್ಸ್, 131 ರನ್. ಎಲ್‌ಬಿ (ಸ್ಟಂಪಿಗೆ ಬಡಿಯಬೇಕಿದ್ದ ಚೆಂಡು ಕಾಲಿಗೆ ಬಡಿದು ಔಟಾಗುವ ಎಲ್‌ಬಿಡಬ್ಲ್ಯೂ) ಆರು ಸಲ, ಬೋಲ್ಡ್ ಮೂರು ಸಲ, ಕ್ಯಾಚ್ ನಾಲ್ಕು, ರನೌಟ್ ಒಂದು. ಎಲ್‌ಬಿ ಆದಾಗೆಲ್ಲ ಚೆಂಡು ಸ್ಟಂಪಿಗೆ ತಾಗದೆ ಲೆಗ್ ಕಡೆ (ನನ್ನ ಬೆನ್ನ ಬದಿಗೆ) ಹೋಗುತ್ತಿತ್ತು, ಅಂಪೈರ್ ಅವಸರ ಮಾಡಿದರು ಅಂತಲೇ ಅಂದುಕೊಂಡು ಪೆವಿಲಿಯನ್‌ಗೆ ನಡೆದಿದ್ದೇನೆ. ಆರು ಭಾನುವಾರ ಆರು ಬೇರೆ ಬೇರೆ ಅಂಪೈರ್‌ಗಳು ಒಂದೇ ತಪ್ಪು ಮಾಡಲು ಸಾಧ್ಯವಿಲ್ಲ. ಹಾಳೆಯನ್ನು ಬೀರುವಿನ ಬಾಗಿಲಿಗೆ ಅಂಟಿಸಿದ್ದೇನೆ.

ನಾನು ಕುಂದಾಪುರದ ಕಡೆಯವನು. ಕ್ರಿಕೆಟ್ ಕಲಿತದ್ದು ಕೊಯ್ಲಾದ ಗದ್ದೆಯಲ್ಲಿ, ಆಮೇಲೆ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ. ಎಲ್ಲವೂ ಟೆನಿಸ್ ಬಾಲ್. ನಾವು ಆಡಿದ ಟೂರ್ನಿಗಳಲ್ಲಿ ಎಲ್‌ಬಿ ಅನ್ನುವುದೇ ಇರಲಿಲ್ಲ. ಟೆನಿಸ್ ಚೆಂಡು ಸುಮಾರು 58 ಗ್ರಾಂ, ಬಿದ್ದಲ್ಲಿಂದ ಸೊಂಟದ ಮಟ್ಟಕ್ಕೆ ಏಳುತ್ತದೆ, ಸೀಮ್ (ಎದ್ದು ನಿಂತ ಹೊಲಿಗೆ) ಇಲ್ಲ. ಬಲಗೈಯ ಜೋರಿನಲ್ಲಿ ಲೆಗ್ ಕಡೆಯ ಮಿಡ್‌ವಿಕೆಟ್ ಮೇಲೆ ಎತ್ತಿ ಬಿಸಾಡಿದರೆ ಮುಗಿಯಿತು. ಆ ಆಟಕ್ಕೆ ಆ ಹೊಡೆತ ಸರಿಯೇ, ಅದಕ್ಕೆ ನಾನು ಒಂದಿಷ್ಟೂ ನಾಚುವುದಿಲ್ಲ. ಬೆಂಗಳೂರಿಗೆ ಬಂದು, ಮೂವತ್ತಮೂರಕ್ಕೆ ವೀಕೆಂಡ್ ತಂಡ ಸೇರಿ ಲೆದರ್ ಬಾಲ್ ಮುಟ್ಟಿದೆ. ಅದರ ತೂಕ 156ರಿಂದ 163 ಗ್ರಾಂ. ಊರಾಚೆಯ ನಮ್ಮ ಟರ್ಫ್ ಪಿಚ್ಚಿನಲ್ಲಿ ಹನ್ನೊಂದು ಗಂಟೆಯ ಮೇಲೆ ಅದು ಮೊಣಕಾಲಿಗಿಂತ ಮೇಲೆ ಏಳುವುದೇ ಅಪರೂಪ. ನನಗೀಗ 36. ಇನ್ನೊಂದು ಹತ್ತು ವರ್ಷ ಆಡಬೇಕು ಅನ್ನುವ ಆಸೆ ಇದೆ, ಆದ್ದರಿಂದ ಈಗಲೇ ಸರಿಮಾಡಿಕೊಳ್ಳಬೇಕು.

ಜನವರಿ 12

ನೆಟ್ಸ್‌ಗೆ ಅಕ್ಕನ ಮಗನನ್ನು ಕರೆದುಕೊಂಡು ಹೋದೆ. ಹದಿಮೂರು ವರ್ಷದ ಹುಡುಗ, ಫೋನಿನ ಸ್ಲೋ ಮೋಷನ್ ನನಗಿಂತ ಅವನಿಗೆ ಚೆನ್ನಾಗಿ ಗೊತ್ತು. ಬೌಲರ್ ಕಡೆಯಿಂದ ಒಂದು, ಪಾಯಿಂಟ್ ಕಡೆಯಿಂದ (ಆಫ್ ಬದಿ, ಅಂದರೆ ನನ್ನ ಎದೆಯ ಎದುರಿನಿಂದ) ಒಂದು, ಹೀಗೆ ಎರಡು ವಿಡಿಯೋ ತೆಗೆದ. ರಾತ್ರಿ ಕೂತು ಒಂದೊಂದೇ ಫ್ರೇಮ್ ಸರಿಸಿ ನೋಡಿದೆವು.

ಮಿಡಲ್ ಸ್ಟಂಪ್ ಗಾರ್ಡ್ ತೆಗೆದುಕೊಂಡು, ಅಂದರೆ ನಡುವಿನ ಸ್ಟಂಪಿನ ನೇರಕ್ಕೆ ಬ್ಯಾಟ್ ಊರಿ, ನಿಂತಿದ್ದೇನೆ. ಚೆಂಡು ಬೌಲರ್ ಕೈ ಬಿಡುವ ಹೊತ್ತಿಗೆ ನನ್ನ ಎಡಗಾಲು ಆಫ್ ಸ್ಟಂಪಿನ ಎದುರಿಗೆ ಹೋಗಿ ಊರಿಯಾಗಿದೆ. ಈಗ ಕಾಲು ಚೆಂಡಿಗೂ ಬ್ಯಾಟಿಗೂ ನಡುವೆ ಕಂಬದ ಹಾಗೆ ನಿಂತಿದೆ. ಬ್ಯಾಟ್ ನೇರ ಬರಲು ಜಾಗವೇ ಇಲ್ಲ, ಪ್ಯಾಡನ್ನು ಸುತ್ತಿಕೊಂಡು ಆಫ್‌ನಿಂದ ಲೆಗ್ಗಿಗೆ ಅಡ್ಡ ಬರಬೇಕು. "ಮಾಮ, ಇಲ್ಲಿ ಬಾಲು ಬ್ಯಾಟು ಸೇರೋದು ಒಂದೇ ಫ್ರೇಮಲ್ಲಿ" ಅಂದ ಹುಡುಗ. ಸರಿಯಾಗಿಯೇ ಹೇಳಿದ. ಬ್ಯಾಟ್ ಚೆಂಡಿನ ದಾರಿಯಲ್ಲೇ ಎದುರು ಬಂದರೆ ಸ್ವಲ್ಪ ಬೇಗವಾದರೂ ತಡವಾದರೂ ಎಲ್ಲೋ ಒಂದು ಕಡೆ ತಗಲುತ್ತದೆ. ಅಡ್ಡ ಬಂದರೆ ಎರಡೂ ಒಂದೇ ಬಿಂದುವಿನಲ್ಲಿ ಒಂದೇ ಕ್ಷಣಕ್ಕೆ ಸಿಗಬೇಕು. ಬ್ಯಾಟಿನ ಅಗಲ ಹೆಚ್ಚೆಂದರೆ ನಾಲ್ಕೂಕಾಲು ಇಂಚು. ನಮ್ಮ ಮಟ್ಟದ ವೇಗದ ಬೌಲರ್ ಗಂಟೆಗೆ 110 ಕಿಲೋಮೀಟರ್ ಹಾಕಿದರೆ ಚೆಂಡು ನನ್ನನ್ನು ಮುಟ್ಟಲು ಬೇಕಾಗುವುದು ಸುಮಾರು 0.6 ಸೆಕೆಂಡ್. ಕಾಲು ಸ್ಟಂಪಿನ ಎದುರು ನೆಟ್ಟಿದೆ, ಬ್ಯಾಟ್ ತಪ್ಪಿದೆ ಅಂದಮೇಲೆ ಅಂಪೈರ್ ಬೆರಳೆತ್ತದೆ ಇನ್ನೇನು ಮಾಡಿಯಾರು?

ಜನವರಿ 19ರಿಂದ ಫೆಬ್ರುವರಿ 2

ಮೂರು ವಾರ ಕಾಲಿನ ಹಿಂದೆ ಬಿದ್ದೆ. ಎಡಗಾಲು ಅಡ್ಡ ಹೋಗುತ್ತಿದೆಯಲ್ಲ, ಹೋಗದ ಹಾಗೆ ಮಾಡಿದರಾಯಿತು ಅಂತ. ನೆಟ್ಸ್‌ನಲ್ಲಿ ಆಫ್ ಸ್ಟಂಪಿನ ನೇರಕ್ಕೆ, ಕಾಲು ಊರುವ ಜಾಗದಲ್ಲಿ ಹಳೆಯ ಗ್ಲೌಸ್ ಇಟ್ಟು, ಅದನ್ನು ತುಳಿಯದೆ ಆಡುವುದು. ದಿನಕ್ಕೆ ಅರವತ್ತು ಥ್ರೋಡೌನ್, ಅಂದರೆ ಹತ್ತಿರದಿಂದ ಕೈಯಲ್ಲಿ ಎಸೆದುಕೊಟ್ಟ ಚೆಂಡು. ಮೂರನೇ ವಾರಕ್ಕೆ ಒಂದು ಸಲವೂ ತುಳಿಯಲಿಲ್ಲ.

ಪಂದ್ಯದಲ್ಲಿ ಎರಡನೇ ಚೆಂಡಿಗೇ ಕಾಲು ಹಳೆಯ ಜಾಗಕ್ಕೆ ಹೋಯಿತು, ಎಲ್‌ಬಿ. ಮುಂದಿನ ವಾರ ಗಾರ್ಡನ್ನು ಮಿಡಲ್‌ನಿಂದ ಲೆಗ್ ಸ್ಟಂಪಿಗೆ ಬದಲಾಯಿಸಿದೆ. ಪ್ಯಾಡಿಗೆ ಬಡಿಯುವುದು ನಿಂತಿತು, ಆದರೆ ಆಫ್ ಸ್ಟಂಪಿನ ಚೆಂಡು ಕೈಗೆಟುಕದಷ್ಟು ದೂರವಾಗಿ ಕೀಪರ್ ಪಕ್ಕದ ಸ್ಲಿಪ್ಪಿಗೆ ಕ್ಯಾಚ್ ಕೊಟ್ಟೆ. ಗಾರ್ಡ್ ಬದಲಾಯಿಸಿದ್ದರಿಂದ ರೋಗ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಯಿತು, ಅಷ್ಟೇ. ಮಿಡಲ್‌ಗೇ ವಾಪಸ್ ಬಂದಿದ್ದೇನೆ.

ಫೆಬ್ರುವರಿ 9

ಈ ದಿನದ್ದನ್ನು ವಿವರವಾಗಿ ಬರೆದಿಡುತ್ತೇನೆ.

ನಮ್ಮ ಪಂದ್ಯಗಳಿಗೆ ಅಂಪೈರಿಂಗ್ ಮಾಡಲು ಒಬ್ಬರು ಹಿರಿಯರು ಬರುತ್ತಾರೆ. ಒಂದು ಕಾಲಕ್ಕೆ ಲೀಗ್ ಆಡಿದವರು, ಎಪ್ಪತ್ತರ ಹತ್ತಿರ ವಯಸ್ಸು. ಟೀ ಕುಡಿಯುವಾಗ ಹೋಗಿ, "ಸರ್, ಒಂದು ವಿಡಿಯೋ ನೋಡ್ತೀರಾ, ನನ್ನ ಕಾಲು ಅಡ್ಡ ಹೋಗೋದು ನಿಲ್ತಾನೇ ಇಲ್ಲ" ಅಂದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

"ನಿನ್ನ ಕಾಲು ಏನೂ ತಪ್ಪು ಮಾಡ್ತಿಲ್ಲಪ್ಪ. ತಲೆ ಬೀಳ್ತಾ ಇದೆ. ನೀನು ಮುಗ್ಗರಿಸದೇ ಇರಲಿ ಅಂತ ಕಾಲು ಓಡಿಹೋಗಿ ಹಿಡ್ಕೊಳ್ತಾ ಇದೆ."

ವಿಡಿಯೋ ಹಿಂದಕ್ಕೆ ಸರಿಸಿ ನೋಡಿದರೆ ನಿಜ. ಕಾಲು ಏಳುವ ಎರಡು ಮೂರು ಫ್ರೇಮ್ ಮೊದಲೇ ಹೆಲ್ಮೆಟ್ ಆಫ್ ಕಡೆಗೆ ವಾಲಿದೆ. ಇಷ್ಟು ವಾರ ಅದೇ ವಿಡಿಯೋವನ್ನು ಹತ್ತಾರು ಸಲ ನೋಡಿದ್ದೇನೆ, ನನ್ನ ಕಣ್ಣು ಕಾಲಿನ ಮೇಲೇ ಇತ್ತು. ಎಲ್‌ಬಿ ಆದದ್ದು ಕಾಲಿಗೆ ಬಡಿದದ್ದರಿಂದ ತಾನೇ!

ಬ್ಯಾಟನ್ನು ನೆಲಕ್ಕೆ ಅಡ್ಡ ಮಲಗಿಸಿ, "ಸೌದೆ ಒಡೆಯೋಕೆ ಕೊಡಲಿ ಎತ್ತೋ ಹಾಗೆ ಎತ್ತು" ಅಂದರು. ಎತ್ತಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ 'ವಿ' ಎರಡೂ ಕೈಯಲ್ಲಿ ಒಂದೇ ಸಾಲಿಗೆ ಬಂದು, ಬ್ಯಾಟಿನ ಬೆನ್ನಿನ ನಡುವಿನ ಉಬ್ಬಿಗೂ ಹೊರ ಅಂಚಿಗೂ ನಡುವೆ ನಿಂತಿತು. "ಈಗ ನೀನು ದಿನಾ ಹಿಡಿಯೋ ಹಾಗೆ ಹಿಡಿ" ಅಂದರು. ಬಲಗೈ ತಾನಾಗಿ ಜಾರಿ ಹಿಡಿಯ ಹಿಂದಕ್ಕೆ ಹೋಯಿತು, ಅಂಗೈ ಪೂರ್ತಿ ಬೌಲರ್ ಕಡೆಗೆ. ಆ ಹಿಡಿತದಲ್ಲಿ ಬಲಗೈ ನೂಕಿದರೆ ಬ್ಯಾಟಿನ ಮುಖ ಲೆಗ್ ಕಡೆಗೆ ಮುಚ್ಚಿಕೊಳ್ಳಲೇಬೇಕು. ಜೊತೆಗೆ ನಾನು ನಿಲ್ಲುವ ರೀತಿ: ಮೊಣಕಾಲು ಬಿಗಿದು, ಬ್ಯಾಟನ್ನು ಕಾಲಿನಿಂದ ದೂರ ಊರಿ, ಸೊಂಟದಿಂದ ಬಗ್ಗಿ, ಭಾರವೆಲ್ಲ ಕಾಲ್ಬೆರಳುಗಳ ಮೇಲೆ. ಹಾಗೆ ನಿಂತವನು ಒಂದು ಸಣ್ಣ ಅಲುಗಾಟಕ್ಕೇ ಆಫ್ ಕಡೆಗೆ ಉರುಳುತ್ತಾನೆ.

ಬ್ಯಾಕ್‌ಲಿಫ್ಟ್ ಕೂಡ ನೇರ ಹಿಂದಕ್ಕೇ ಹೋಗಬೇಕಾ ಅಂತ ಕೇಳಿದೆ. ಬೇಡ ಅಂದರು. ಆಸ್ಟ್ರೇಲಿಯಾದ ದೊಡ್ಡ ಬ್ಯಾಟ್ಸ್‌ಮನ್ ಬ್ರಾಡ್‌ಮನ್ ಬ್ಯಾಟ್ ಎತ್ತುತ್ತಿದ್ದದ್ದು ಸ್ಲಿಪ್ ಕಡೆಗೆ. ಎತ್ತುವುದು ಹೇಗಿದ್ದರೂ ಇಳಿಯುವಾಗ ನೇರಕ್ಕೆ ಬಂದರೆ ಸಾಕು, ತಲೆ ನಿಂತರೆ ಅದು ತಾನಾಗಿ ಬರುತ್ತದೆ. ಆಮೇಲೆ ನಮ್ಮ ಭದ್ರಾವತಿಯ ಬ್ಯಾಟ್ಸ್‌ಮನ್ ಜಿ.ಆರ್. ವಿಶ್ವನಾಥ್ ವಿಷಯಕ್ಕೆ ಹೋದರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟ್, ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. "ಎಲ್ಲಾರೂ ಅವರ ಮಣಿಕಟ್ಟು ನೋಡ್ತಾರೆ. ಕಟ್ ಹೊಡೆಯುವಾಗ ತಲೆ ಎಲ್ಲಿರುತ್ತೆ ಅಂತ ನೋಡು, ಅಲ್ಲಾಡಲ್ಲ." ಅಂಪೈರ್ ಕೋಟು ಹಾಕಿಕೊಂಡು ಎದ್ದರು. ಅವರಿಗೆ ನಾನು ಎಷ್ಟು ಋಣಿ ಅಂತ ಆವತ್ತು ಹೇಳಲಾಗಲಿಲ್ಲ.

ಫೆಬ್ರುವರಿ 16

ತಲೆ ಬೀಳುತ್ತಿದೆಯೋ ಇಲ್ಲವೋ ಅಂತ ಆಡುವವನಿಗೆ ಗೊತ್ತಾಗುವುದಿಲ್ಲ, ಅದೇ ಕಷ್ಟ. ವಿಡಿಯೋ ರಾತ್ರಿ ನೋಡಬೇಕು, ಅಷ್ಟರಲ್ಲಿ ನೂರು ಸಲ ತಪ್ಪು ಮಾಡಿಯಾಗಿರುತ್ತದೆ. ಇವತ್ತು ನೆರಳು ಕಣ್ಣಿಗೆ ಬಿತ್ತು.

ಪಿಚ್ಚನ್ನು ಸಾಮಾನ್ಯವಾಗಿ ಉತ್ತರ ದಕ್ಷಿಣವಾಗಿ ಹಾಕಿರುತ್ತಾರೆ, ಬಿಸಿಲು ಬ್ಯಾಟ್ಸ್‌ಮನ್ ಕಣ್ಣಿಗೆ ನೇರ ಹೊಡೆಯದಿರಲಿ ಅಂತ. ನಮ್ಮದೂ ಹಾಗೇ. ದಕ್ಷಿಣದ ತುದಿಯಲ್ಲಿ ನಿಂತರೆ ಬಲಗೈ ಆಟಗಾರನ ಎದೆ ಪೂರ್ವಕ್ಕಿರುತ್ತದೆ, ಬೆಳಗಿನ ನೆರಳು ಬೆನ್ನ ಹಿಂದೆ ಲೆಗ್ ಕಡೆಗೆ ಬೀಳುತ್ತದೆ. ಎಂಟು ಗಂಟೆಗೆ ನನ್ನ ನೆರಳು ನನ್ನ ಮೂರರಷ್ಟು ಉದ್ದ. ತಲೆಯ ನೆರಳು ಬಿದ್ದ ಜಾಗದಲ್ಲಿ ಒಂದು ಸ್ಟಂಪನ್ನು ಪಿಚ್ಚಿಗೆ ಸಮವಾಗಿ ಮಲಗಿಸಿ, ಹುಡುಗನನ್ನು ಅಲ್ಲಿ ಕೂರಿಸಿದೆ. ತಲೆ ಮುಂದಕ್ಕೆ ಬಿದ್ದರೆ ಕೆಳಕ್ಕೂ ಇಳಿಯುತ್ತದಲ್ಲ, ಇಳಿದದ್ದು ನೆರಳಿನಲ್ಲಿ ಮೂರು ಪಟ್ಟಾಗಿ ಕಾಣುತ್ತದೆ. ತಲೆ ಮೂರು ಇಂಚು ವಾಲಿ ಮೂರು ಇಂಚು ತಗ್ಗಿದರೆ ನೆರಳು ಒಂದಡಿ ನನ್ನ ಕಡೆಗೆ ಓಡಿ ಬರುತ್ತದೆ. ಸುಳ್ಳು ಹೇಳಲು ಅವಕಾಶವೇ ಇಲ್ಲ. ಗೆಳೆಯ ಚೆಂಡು ಎಸೆಯುವುದು, ಹುಡುಗ ಪ್ರತಿ ಸಲ "ಬಿತ್ತು", "ನಿಂತಿತು" ಅಂತ ಕೂಗುವುದು. ಮೊದಲ ಇಪ್ಪತ್ತರಲ್ಲಿ ಹದಿನೇಳು ಸಲ "ಬಿತ್ತು". ಒಂಬತ್ತು ದಾಟುವ ಹೊತ್ತಿಗೆ ನೆರಳು ಗಿಡ್ಡವಾಗಿ ಆಟ ಮುಗಿಯುತ್ತದೆ, ಆದರೆ ಆ ಒಂದು ಗಂಟೆ ಬಂಗಾರ.

ನಿಲ್ಲುವ ರೀತಿಯಲ್ಲಿ ಮಾಡಿಕೊಂಡ ಬದಲಾವಣೆ: ಮೊಣಕಾಲು ಸಡಿಲ, ಬೌಲರ್ ಓಡಿ ಬರುವಾಗಲೇ ಬ್ಯಾಟ್ ನೆಲದಿಂದ ಮೇಲೆ, ಎಡಭುಜವನ್ನು ಚೂರು ತೆರೆದು ಎರಡೂ ಕಣ್ಣು ಬೌಲರ್ ಕಡೆಗೆ.

ಫೆಬ್ರುವರಿ 17ರಿಂದ 28, ಮನೆಯಲ್ಲಿ

ಹಳೆಯ ಕಾಲುಚೀಲದೊಳಗೆ ಲೆದರ್ ಬಾಲ್ ಹಾಕಿ, ಗಂಟು ಕಟ್ಟಿ, ಮಹಡಿಯ ಮೇಲೆ ಬಟ್ಟೆ ಒಣಗಿಸುವ ಕಂಬಿಗೆ ನೇತುಹಾಕಿದ್ದೇನೆ. ಎಡಗೈಯೊಂದರಲ್ಲೇ ಬ್ಯಾಟ್ ಹಿಡಿದು ದಿನಕ್ಕೆ ಐವತ್ತು ಸಲ. ನೇರ ತಗಲಿದರೆ ಚೀಲ ನೇರ ಹೋಗಿ ನೇರ ವಾಪಸ್ ಬರುತ್ತದೆ, ಅಡ್ಡ ಹೊಡೆದರೆ ಗಿರಗಿರನೆ ಸುತ್ತುತ್ತದೆ. ಮೊದಲ ಎರಡು ದಿನ ನನ್ನ 1,200 ಗ್ರಾಮಿನ ಬ್ಯಾಟಿನಲ್ಲೇ ಮಾಡಿ ಮಣಿಕಟ್ಟು ಊದಿತು. ಈಗ ಹುಡುಗನ ಸಣ್ಣ ಬ್ಯಾಟ್. ಈ ಅಭ್ಯಾಸ ಮಾಡುವವರು ದಯವಿಟ್ಟು ಮಕ್ಕಳ ಬ್ಯಾಟಿನಲ್ಲೇ ಶುರುಮಾಡಿ.

ಆಮೇಲೆ ಬಲಗೈ ಸೇರಿಸುವುದು, ಆದರೆ ಹೆಬ್ಬೆರಳು ತೋರುಬೆರಳು ಎರಡರಿಂದ ಮಾತ್ರ ಹಿಡಿಯುವುದು. ಹೊಡೆದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸುವ ತನಕ ಅದೇ ಭಂಗಿಯಲ್ಲಿ ನಿಲ್ಲಬೇಕು. ಕಾಲು ಅಲುಗಿದರೆ ಆ ಹೊಡೆತ ಲೆಕ್ಕಕ್ಕಿಲ್ಲ. ಐವತ್ತು ಲೆಕ್ಕಕ್ಕೆ ಸಿಗಲು ಮೊದಲ ದಿನ ಒಂದು ಗಂಟೆ ಬೇಕಾಯಿತು, ನಿನ್ನೆ ಇಪ್ಪತ್ತೈದು ನಿಮಿಷ ಸಾಕಾಯಿತು.

ಮಾರ್ಚ್ 9

ಎರಡು ಪಂದ್ಯ, 2 ಮತ್ತು 5 ರನ್. ಬೇಸರವಾಯಿತು. ಚೆಂಡು ಬರುವಾಗ ತಲೆ, ಹಿಡಿತ, ಮೊಣಕಾಲು, ಭುಜ ಎಲ್ಲವನ್ನೂ ನೆನೆಯುತ್ತಿದ್ದೇನೆ, ಚೆಂಡನ್ನೇ ನೋಡುತ್ತಿಲ್ಲ. 0.6 ಸೆಕೆಂಡಿನಲ್ಲಿ ನಾಲ್ಕು ವಿಷಯಕ್ಕೆ ಜಾಗವಿಲ್ಲ. ಕ್ಯಾಪ್ಟನ್ ಬ್ಯಾಟಿಂಗ್ ಕ್ರಮದಲ್ಲಿ ನನ್ನನ್ನು ಮೂರರಿಂದ ಏಳಕ್ಕೆ ಇಳಿಸಿದ್ದಾನೆ, ಅವನದ್ದು ತಪ್ಪಲ್ಲ. ಮಿಡ್‌ವಿಕೆಟ್ ಕಡೆ ಹೋಗುತ್ತಿದ್ದ ಆ ನಾಲ್ಕೈದು ಬೌಂಡರಿಗಳೂ ಈಗ ಇಲ್ಲ. ಹಳೆಯದು ಕೈಬಿಟ್ಟಿದೆ, ಹೊಸದು ಕೈಗೆ ಬಂದಿಲ್ಲ. ಇನ್ನು ಮೇಲೆ ಸರಿಮಾಡುವುದೆಲ್ಲ ಸೋಮವಾರದಿಂದ ಶನಿವಾರದವರೆಗೆ. ಭಾನುವಾರ ಕ್ರೀಸಿನಲ್ಲಿ ಒಂದೇ ಕೆಲಸ, ಬೌಲರ್ ಕೈಯಲ್ಲಿ ಸೀಮ್ ಹೇಗಿದೆ ಅಂತ ನೋಡುವುದು.

ಮಾರ್ಚ್ 23

52 ಚೆಂಡಿಗೆ 31.

ಒಂಬತ್ತನೆಯ ಚೆಂಡನ್ನು ಬರೆಯಲೇಬೇಕು. ಗುಡ್ ಲೆಂತ್, ಮಿಡಲ್ ಸ್ಟಂಪ್, ಚೂರು ಒಳಕ್ಕೆ ಬಂತು. ಕಳೆದ ವರ್ಷ ನನ್ನನ್ನು ಆರು ಸಲ ಕರೆದುಕೊಂಡು ಹೋದ ಚೆಂಡೇ ಅದು. ಎಡಗಾಲು ಆಫ್ ಸ್ಟಂಪಿನ ಕಡೆ ಹೋಗಲಿಲ್ಲ, ಬೌಲರ್ ಕಡೆಗೇ ಒಂದು ಗಿಡ್ಡ ಹೆಜ್ಜೆ ಇಟ್ಟಿತು. ಬ್ಯಾಟಿನ ನಡುವಿಗೆ ತಗಲಿದ ಸದ್ದು ಬಂತು, ಕೈಗೆ ಏನೂ ತಿಳಿಯಲಿಲ್ಲ. ಚೆಂಡು ಬೌಲರನ್ನು ದಾಟಿ ಮಿಡ್ ಆನ್ ಪಕ್ಕಕ್ಕೆ ಉರುಳಿತು, ಎರಡು ರನ್. ಓಡುವಾಗ ಅಂಪೈರ್ ಮುಖ ನೋಡಿದೆ. ಅವತ್ತು ನಿಂತಿದ್ದವರು ಅದೇ ಹಿರಿಯರು. ಪಂದ್ಯದ ನಡುವೆ ಅವರು ಯಾರೊಂದಿಗೂ ಮಾತಾಡುವುದಿಲ್ಲ, ತಲೆಯನ್ನಷ್ಟೇ ಆಡಿಸಿದರು.

ಕೊನೆಗೆ ಔಟಾದದ್ದು ಕಾಲಬುಡಕ್ಕೇ ಬಿದ್ದ ಯಾರ್ಕರಿಗೆ ಬೋಲ್ಡ್. ವಿಡಿಯೋದಲ್ಲಿ ತಲೆ ನಿಂತೇ ಇದೆ, ಬ್ಯಾಟ್ ಇಳಿಯುವುದು ತಡವಾಗಿದೆ. ಪಂದ್ಯ ಮುಗಿದ ಮೇಲೆ ಹೋಗಿ ಕಾಲು ಮುಟ್ಟಿದೆ. "ಎದ್ದೇಳಪ್ಪ, ಬ್ಯಾಟು ಬೇಗ ಎತ್ತು" ಅಂದರು.

ಏಪ್ರಿಲ್ 6

ಯುಗಾದಿಗೆ ಊರಿಗೆ ಹೋಗಿದ್ದೆ, ಹೋದ ವಾರ ಪಂದ್ಯ ಇರಲಿಲ್ಲ. ಗದ್ದೆಯಲ್ಲಿ ಹುಡುಗರ ಜೊತೆ ಟೆನಿಸ್ ಬಾಲ್ ಆಡಿದೆ, ಬೇಕೆಂದೇ ಹಳೆಯ ಹಾಗೆ ಎತ್ತಿ ಹೊಡೆದೆ. ಕೈಗೆ ಎರಡೂ ಭಾಷೆ ಬರುತ್ತವೆ ಅಂತ ಗೊತ್ತಾಗಿ ನೆಮ್ಮದಿಯಾಯಿತು.

ಇವತ್ತು 18, ಕವರ್‌ನಲ್ಲಿ ಕ್ಯಾಚ್. ಮಾರ್ಚ್ 9ರ ನಂತರ ಮೂರು ಇನಿಂಗ್ಸ್, 77 ರನ್, ಎಲ್‌ಬಿ ಒಂದೂ ಇಲ್ಲ. ನೆರಳಿನ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಐದು ಸಲ ಇನ್ನೂ "ಬಿತ್ತು", ಅದೂ ಹೆಚ್ಚಾಗಿ ಸುಸ್ತಾದಾಗ. ಎಡಗೈ ಸ್ಪಿನ್ನರ್ ಚೆಂಡನ್ನು ಹೊರಕ್ಕೆ ತಿರುಗಿಸಿದಾಗ ತಲೆ ಅದರ ಹಿಂದೆಯೇ ಹೋಗುತ್ತದೆ, ಮುಂದಿನ ತಿಂಗಳು ಅದನ್ನು ಹಿಡಿಯಬೇಕು. ಕಾಲುಚೀಲ ಹರಿದಿದೆ, ಹೊಸದು ಕಟ್ಟಿದ್ದೇನೆ. ಬುಧವಾರ ಆರೂವರೆಗೆ ನೆಟ್ಸ್, ತಂಡದ ಎಡಗೈ ಸ್ಪಿನ್ನರ್ ಬರಲು ಒಪ್ಪಿದ್ದಾನೆ.